ರೇವಾ ಕಾರಿಗೂ ಒಂದು ಕಿಟ್ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ಆಟಿಕೆಗಳ ಬಗ್ಗೆ ಬಂದ ಬರಹ ಓದಿದೆ. ಚನ್ನಪಟ್ಟಣದ ಬೊಂಬೆಯಿಂದ ಹಿಡಿದು ಕೊಪ್ಪಳದ ಭಾನಾಪುರದ ಆಟಿಕೆ ಕ್ಲಸ್ಟರ್ ತನಕ ಚೆನ್ನಾಗಿ ಬರೆದಿದ್ದೀರಿ. ಆದರೆ ಪ್ಲಾಸ್ಟಿಕ್ ಕಾರ್ ಕಿಟ್‌ಗಳ ಬಗ್ಗೆ ಇದ್ದದ್ದು ಒಂದೇ ಸಾಲು. ಈಗ ಯಾರೂ ಮಾಡದ ಹಳೇ ಹವ್ಯಾಸ ಎಂದು. ಅದನ್ನು ಓದಿ ಸುಮ್ನೆ ಕೂರಲು ನನಗೆ ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಆಗಿದೆ. ಜಾಗ ಮಾಡಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಟೂಲ್ ಮೇಕರ್. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಕೆಲಸ ಕಲಿತವನು. ಆಮೇಲೆ ಪೀಣ್ಯದಲ್ಲಿ 34 ವರ್ಷ ಇಂಜೆಕ್ಷನ್ ಮೋಲ್ಡ್, ಅಂದರೆ ಕರಗಿದ ಪ್ಲಾಸ್ಟಿಕ್ ತುಂಬಿ ವಸ್ತು ಒತ್ತುವ ಉಕ್ಕಿನ ಅಚ್ಚು, ಮಾಡಿದೆ. ಮಿಕ್ಸಿ ಜಾರಿನ ಮುಚ್ಚಳ, ಸ್ಕೂಟರ್ ಇಂಡಿಕೇಟರ್, ಸ್ವಿಚ್ಚು, ಹಲ್ಲುಜ್ಜುವ ಬ್ರಷ್ಷಿನ ಹಿಡಿ. ನಿಮ್ಮ ಮನೆಯಲ್ಲಿ ನಾನು ಮಾಡಿದ ಮೋಲ್ಡಿನಿಂದ ಬಂದ ಒಂದಾದರೂ ವಸ್ತು ಇದ್ದೀತು. ಕಾರ್ ಕಿಟ್ ಕಟ್ಟುವ ಅಭ್ಯಾಸ ನಲವತ್ತು ದಾಟಿದ ಮೇಲೆ ಹತ್ತಿತು. ಅದನ್ನು ಹತ್ತಿಸಿದ್ದು ಕಾರಿನ ಮೇಲಿನ ಆಸೆಗಿಂತ ಮೋಲ್ಡಿನ ಮೇಲಿನ ಆಸೆ.

ಕಿಟ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಡಬ್ಬ ತೆಗೆದರೆ ಒಳಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಒಂದೊಂದರಲ್ಲೂ ಬಳ್ಳಿಗೆ ಕಾಯಿ ಅಂಟಿಕೊಂಡ ಹಾಗೆ ಸಣ್ಣ ಸಣ್ಣ ಭಾಗಗಳು. ಇಂಜಿನ್ನಿನ ಎರಡು ಅರ್ಧ, ಸ್ಟೀರಿಂಗು, ಆಕ್ಸಲ್ಲು, ಸೀಟು. ಆ ಬಳ್ಳಿಗೆ ನಾವು ರನ್ನರ್ ಎನ್ನುತ್ತೇವೆ, ತೊಟ್ಟಿಗೆ ಗೇಟ್ ಎನ್ನುತ್ತೇವೆ. ತೊಟ್ಟು ಕತ್ತರಿಸಿ, ಉಜ್ಜಿ, ಬಣ್ಣ ಹಚ್ಚಿ, ಅಂಟಿಸಬೇಕು. ನೂರು ಚಿಲ್ಲರೆ ಭಾಗ ಸೇರಿ ಅಂಗೈ ಉದ್ದದ ಕಾರು ಆಗುತ್ತದೆ. ಅಮೆರಿಕದ ಕಿಟ್‌ಗಳು ಹೆಚ್ಚಾಗಿ ನಿಜವಾದ ಕಾರಿನ 25ರಲ್ಲಿ ಒಂದು ಪಾಲು, ಜಪಾನಿನವು ಹೆಚ್ಚಾಗಿ 24ರಲ್ಲಿ ಒಂದು ಪಾಲು.

ನನ್ನ ಮಗಳ ಮನೆ ಇರುವುದು ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್ ಊರಿನಲ್ಲಿ. ಡೆಟ್ರಾಯಿಟ್ ಪಕ್ಕ. ಅಲ್ಲಿ ನಮ್ಮ ಕನ್ನಡದವರು ಬಹಳ ಇದ್ದಾರೆ, ಕಾರ್ ಕಂಪನಿಗಳಲ್ಲಿ ಕೆಲಸ ಮಾಡುವವರೇ ಜಾಸ್ತಿ. 2022ರಲ್ಲಿ ನಾಲ್ಕು ತಿಂಗಳು ಅಲ್ಲಿದ್ದೆ. ಒಂದು ಶನಿವಾರ ಅಳಿಯ ನನ್ನನ್ನು ಹಳೆ ಕಿಟ್‌ಗಳ ಸಂತೆಗೆ ಕರೆದುಕೊಂಡು ಹೋದ. ಶಾಲೆಯ ಜಿಮ್ನಾಸಿಯಂನಲ್ಲಿ ಉದ್ದಕ್ಕೂ ಮೇಜು ಹಾಕಿದ್ದರು. ಒಂದು ಹಳೆ ಡಬ್ಬ ಎತ್ತಿ ಬದಿಯಲ್ಲಿ ಓದಿದರೆ ಎಎಂಟಿ ಕಾರ್ಪೊರೇಷನ್, ಟ್ರಾಯ್, ಮಿಶಿಗನ್ ಎಂದು ಅಚ್ಚಾಗಿದೆ. ನನ್ನ ಮಗಳ ಊರು! ಹತ್ತು ವರ್ಷದಿಂದ ಅಲ್ಲಿರುವ ಮಗಳಿಗಾಗಲಿ ಅಳಿಯನಿಗಾಗಲಿ ಇದು ಗೊತ್ತೇ ಇರಲಿಲ್ಲ.

ಎಎಂಟಿ ಶುರುವಾದದ್ದು 1948ರಲ್ಲಿ. ಶುರು ಮಾಡಿದವರು ವೆಸ್ಟ್ ಗ್ಯಾಲಗ್ಲಿ ಎಂಬ ವಕೀಲರು. ಹೆಸರಿನ ಮೊದಲ ಅಕ್ಷರ ಅಲ್ಯೂಮಿನಿಯಂನದು, ಯಾಕೆಂದರೆ ಮೊದಲು ಮಾಡಿದ ಫೋರ್ಡ್ ಮಾದರಿ ಅಲ್ಯೂಮಿನಿಯಂನದ್ದು. ಬೇಗನೆ ಪ್ಲಾಸ್ಟಿಕ್ಕಿಗೆ ಬಂದರು. ಆ ಪುಟ್ಟ ಕಾರುಗಳು ಶೋರೂಮಿಗೆ ಹೋಗುತ್ತಿದ್ದವು. ಅಪ್ಪ ಹೊಸ ಕಾರು ನೋಡುತ್ತಿರುವಾಗ ಮಗನ ಕೈಗೆ ಅದೇ ಬಣ್ಣದ ಪುಟ್ಟ ಕಾರು. ಅಂದರೆ ಖರ್ಚು ಕಾರ್ ಕಂಪನಿಯದು, ಡ್ರಾಯಿಂಗ್ ಕೊಡುತ್ತಿದ್ದದ್ದೂ ಕಂಪನಿಯೇ. 1958ರಲ್ಲಿ ಎಎಂಟಿಯವರು ಅದೇ ಕಾರನ್ನು ಬಿಡಿಬಿಡಿಯಾಗಿ ಡಬ್ಬಕ್ಕೆ ತುಂಬಿದರು. ಒಂದೇ ಡಬ್ಬದಲ್ಲಿ ಒಂದು ಕಾರನ್ನು ಮೂರು ರೀತಿ ಕಟ್ಟುವ ಸಾಮಾನು. ಶೋರೂಮಿನಲ್ಲಿ ಇರುವ ಹಾಗೆ ಕಟ್ಟಬಹುದು, ರೇಸಿಗೆ ಬೇಕಾದ ಹಾಗೆ ಕಟ್ಟಬಹುದು, ಇಲ್ಲಾ ನಿನ್ನಿಷ್ಟದ ಹಾಗೆ ಕಟ್ಟಬಹುದು. ಬೆಲೆ ಒಂದೂವರೆ ಡಾಲರಿನ ಆಸುಪಾಸು. ಹುಡುಗರು ಮುಗಿಬಿದ್ದರು. ಡೆಟ್ರಾಯಿಟ್ಟಿನಲ್ಲಿ ಜೋ ಹ್ಯಾನ್, ಪಕ್ಕದ ಮೌಂಟ್ ಕ್ಲೆಮೆನ್ಸ್‌ನಲ್ಲಿ ಎಂಪಿಸಿ, ಇಲಿನಾಯ್‌ನಲ್ಲಿ ಮಾನೋಗ್ರಾಂ, ಕ್ಯಾಲಿಫೋರ್ನಿಯಾದಲ್ಲಿ ರೆವೆಲ್. ಇವೆಲ್ಲ ಬೆಳೆದದ್ದು ಆ ಹುಡುಗರ ಕೈಖರ್ಚಿನ ಕಾಸಿನಿಂದ.

ಆಗ ಕಂಪ್ಯೂಟರ್ ಎಲ್ಲಿತ್ತು? ಮೊದಲು ಬೇಕಾದ ಅಳತೆಗಿಂತ ದೊಡ್ಡದಾಗಿ ಮರದಲ್ಲಿ ಕಾರು ಕೆತ್ತುತ್ತಿದ್ದರು. ಕಾರ್ ಫ್ಯಾಕ್ಟರಿಗೆ ಪ್ಯಾಟರ್ನ್ ಮಾಡುವ ಬಡಗಿಗಳು ಆ ಊರಲ್ಲಿ ಹೇರಳ. ಆ ಮರದ ಮೈಮೇಲೆ ಪ್ಯಾಂಟೋಗ್ರಾಫಿನ ಮುಳ್ಳು ಓಡಿಸಿದರೆ ಇನ್ನೊಂದು ತುದಿಯ ಕಟರ್ ಅದೇ ಆಕಾರವನ್ನು ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತದೆ. ಜಿಟಿಟಿಸಿಯಲ್ಲಿ ನಾನು ಮೊದಲು ಕೈ ಇಟ್ಟ ಮೆಷಿನ್ನುಗಳಲ್ಲಿ ಪ್ಯಾಂಟೋಗ್ರಾಫೂ ಒಂದು. ಮುಳ್ಳಿನ ಕಡೆ ಕೈ ಒಂದು ಕೂದಲೆಳೆ ಅಲುಗಿದರೂ ಉಕ್ಕಿನಲ್ಲಿ ಗೊತ್ತಾಗಿಬಿಡುತ್ತದೆ. ಕಾರಿನ ಮೈ ಅಂತೂ ಎಲ್ಲಕ್ಕಿಂತ ಕಷ್ಟ. ಬಕೆಟ್ಟಿನ ಹಾಗೆ ಮೇಲೆ ಕೆಳಗೆ ಎರಡು ಹೋಳು ಮಾಡಿದರೆ ಸಾಲದು. ಎಡಬಲದ ಬಾಗಿಲು, ಮುಂದಿನ ಗ್ರಿಲ್ಲು, ಹಿಂದಿನ ಡಿಕ್ಕಿ, ಎಲ್ಲ ಕಡೆಯಿಂದಲೂ ಉಕ್ಕಿನ ಸ್ಲೈಡ್‌ಗಳು ಸರಿದು ಬಂದು ಕೂಡಬೇಕು, ಪ್ಲಾಸ್ಟಿಕ್ ತುಂಬಿ ಆರಿದ ಮೇಲೆ ಎಲ್ಲವೂ ಹಿಂದೆ ಸರಿಯಬೇಕು. ಇಡೀ ಮೈಯನ್ನು ಒಂದೇ ತುಂಡಾಗಿ ಹೊರಗೆ ತೆಗೆದ ಆ ಕಾಲದ ಟೂಲ್ ಮೇಕರ್‌ಗಳಿಗೆ ನಾನು ಕೈ ಮುಗಿಯುತ್ತೇನೆ.

ಹೊಟ್ಟೆ ಉರಿಯುವ ವಿಷಯ ಒಂದಿದೆ. ಕಾರ್ ಕಂಪನಿಗಳು ವರ್ಷ ವರ್ಷ ಮಾಡೆಲ್ ಬದಲಿಸುತ್ತಿದ್ದವಲ್ಲ, ಕಿಟ್ಟಿನವರು ಅದೇ ಮೋಲ್ಡನ್ನು ಕಡಿದು, ವೆಲ್ಡ್ ತುಂಬಿ, ಮುಂದಿನ ವರ್ಷದ ಕಾರು ಮಾಡುತ್ತಿದ್ದರು. ಖರ್ಚು ಉಳಿಯಿತು, ಸರಿ. ಆದರೆ ಹಿಂದಿನ ವರ್ಷದ ಕಾರು ಉಕ್ಕಿನಿಂದ ಹೊರಟೇ ಹೋಯಿತು. ಕಡಿದ ಉಕ್ಕು ವಾಪಸ್ ಬರುವುದಿಲ್ಲ. 1960ರ ದಶಕದ ಎಷ್ಟೋ ಕಿಟ್‌ಗಳಿಗೆ ಈಗ ಮೋಲ್ಡೇ ಇಲ್ಲ. ಅವುಗಳ ಸೀಲ್ ಒಡೆಯದ ಡಬ್ಬಗಳಿಗೆ ಆ ಸಂತೆಯಲ್ಲಿ ಇನ್ನೂರು ಡಾಲರ್ ಕೇಳುತ್ತಿದ್ದರು.

ಆಮೇಲೆ ವ್ಯಾಪಾರ ಕೈ ಬದಲಾಯಿಸುತ್ತಾ ಹೋಯಿತು. ಎಎಂಟಿಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಕಾರು ಮಾಡುತ್ತಿದ್ದ ಲೆಸ್ನಿ ಕೊಂಡಿತು, ಅಲ್ಲಿಂದ ಅಯೋವಾದ ಅರ್ಟೆಲ್ ಕೈಗೆ ಹೋಯಿತು. ಈಗ ಅದು ಇಂಡಿಯಾನಾದ ಸೌತ್ ಬೆಂಡ್ ಊರಿನ ರೌಂಡ್ 2 ಕಂಪನಿಯ ಹತ್ತಿರ ಇದೆ. ಪ್ಲಾಸ್ಟಿಕ್ ಒತ್ತುವುದು ಚೀನಾದಲ್ಲಿ. ರೆವೆಲ್ ಮತ್ತು ಮಾನೋಗ್ರಾಂ 1986ರಲ್ಲಿ ಒಂದಾದವು. ಅವುಗಳನ್ನು ಕೊಂಡಿದ್ದ ಹಾಬಿಕೊ 2018ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ನೌಕರರೇ ಪಾಲುದಾರರಾಗಿದ್ದ ಕಂಪನಿ, ಅದಕ್ಕೇ ಆ ಸುದ್ದಿ ಓದಿದಾಗ ನನಗೆ ಬಹಳ ಬೇಜಾರಾಗಿತ್ತು. ರೆವೆಲ್ ಅದೇ ವರ್ಷ ಜರ್ಮನಿಯ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು. ಪ್ರತಿ ಸಲವೂ ಹೆಸರು, ಆಫೀಸು, ಜನ ಬದಲಾದರು. ಲಾರಿ ಹತ್ತಿ ಹಡಗು ಹತ್ತಿ ಹೋದದ್ದು ಮೋಲ್ಡು. ಈ ವ್ಯಾಪಾರದ ಆಸ್ತಿ ಅಂದರೆ ಅದೇ. ಹಳೆ ಮೋಲ್ಡಿಗೆ ಮತ್ತೆ ಪ್ಲಾಸ್ಟಿಕ್ ಕುಡಿಸಿ, ಹಳೆ ಡಬ್ಬದ ಚಿತ್ರವನ್ನೇ ಮತ್ತೆ ಅಚ್ಚು ಹಾಕಿ ಮಾರುತ್ತಾರೆ.

ಆ ಸಂತೆಯಲ್ಲಿ ಇಂಥದ್ದೇ ಒಂದು ಮರುಮುದ್ರಣದ ಕಿಟ್ ಕೊಂಡೆ. ಮನೆಗೆ ಬಂದು ಊಟದ ಮೇಜಿನ ಮೇಲೆ ಬಿಚ್ಚಿ, ಚಾಸಿಸ್ಸಿನ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನುದ್ದಕ್ಕೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಪ್ಲಾಸ್ಟಿಕ್ ಹೊರಚಾಚಿತ್ತು. ನಾವು ಫ್ಲ್ಯಾಶ್ ಎನ್ನುತ್ತೇವೆ. ಮೋಲ್ಡಿನ ಎರಡು ಹೋಳು ಸವೆದು, ಬಾಯಿ ಬಿಗಿಯಾಗಿ ಮುಚ್ಚದೆ ಇದ್ದಾಗ ಬರುತ್ತದೆ. ತಿರುಗಿಸಿದೆ. ಹೊಟ್ಟೆಯ ಮಧ್ಯೆ ಒಂದು ಚೌಕ ಮಾತ್ರ ಅಕ್ಕಪಕ್ಕಕ್ಕಿಂತ ಜಾಸ್ತಿ ನುಣುಪು. ಅಲ್ಲಿ ಹಳೆ ಕಂಪನಿಯ ಹೆಸರು ಇದ್ದಿರಬೇಕು. ಯಾರೋ ವೆಲ್ಡ್ ತುಂಬಿ, ಕಲ್ಲು ಹಿಡಿದು ಪಾಲಿಶ್ ಮಾಡಿ ಅಳಿಸಿದ್ದಾರೆ. ಟೈರ್ ನೋಡಿದೆ. ಅದರ ಮೈಮೇಲೂ ಅಕ್ಷರ ಇಲ್ಲ, ಇದ್ದ ಜಾಗ ಬೋಳು. ಟೈರ್ ಕಂಪನಿಯ ಹೆಸರು ಹಾಕಬೇಕಾದರೆ ಈಗ ದುಡ್ಡು ಕೊಟ್ಟು ಲೈಸೆನ್ಸ್ ಪಡೆಯಬೇಕು. ಕಾರ್ ಕಂಪನಿಯ ಹೆಸರಿಗೂ ಅಷ್ಟೇ. ಒಂದು ಕಾಲದಲ್ಲಿ ತಾವೇ ಡ್ರಾಯಿಂಗ್ ಕೊಟ್ಟು ಮಾಡಿಸುತ್ತಿದ್ದವರು ಈಗ ರಾಯಲ್ಟಿ ಕೇಳುತ್ತಾರೆ. ಒಂದೂವರೆ ಡಾಲರಿನ ಡಬ್ಬ 30 ಡಾಲರ್ ದಾಟಿರುವುದಕ್ಕೆ ಇದೂ ಒಂದು ಕಾರಣ. ಆ ಬೋಳು ಟೈರನ್ನು ಹೆಬ್ಬೆರಳಲ್ಲಿ ಸವರುತ್ತಾ ಬಹಳ ಹೊತ್ತು ಕೂತಿದ್ದೆ. ನನ್ನ ಕಸುಬಿನ ಯಾರೋ ಒಬ್ಬರು ಆ ಸಣ್ಣ ಅಕ್ಷರಗಳನ್ನು ಉಕ್ಕಿನಲ್ಲಿ ತಿರುವುಮುರುವಾಗಿ ಕೆತ್ತಿದ್ದರಲ್ಲ, ಎಷ್ಟು ದಿನ ಹಿಡಿದಿತ್ತೋ.

ಸಂಪಾದಕರೇ, ಹಾಗಾಗಿ ಈ ವ್ಯಾಪಾರ ಸತ್ತಿಲ್ಲ. ರೌಂಡ್ 2 ಹಳೆ ಕಿಟ್‌ಗಳ ಭಾಗಗಳನ್ನು ನೋಡಿ, ಅಳೆದು, ಕಳೆದುಹೋದ ಕಾರುಗಳಿಗೆ ಹೊಸದಾಗಿ ಮೋಲ್ಡ್ ಮಾಡಿಸುತ್ತಿದೆ. ಚೀನಾದ ಮೆಂಗ್ ಕಂಪನಿ ಫೋರ್ಡ್ ಎಫ್-350 ಟ್ರಕ್ಕಿನ ಕಿಟ್ ಮಾಡಿದೆ, ಅದರ ಡ್ಯಾಶ್‌ಬೋರ್ಡಿನ ಗುಂಡಿಗಳನ್ನು ಎಣಿಸಬಹುದು. ಜಪಾನಿನ ಶಿಜುಒಕಾ ಊರಂತೂ ಕಿಟ್‌ಗಳ ರಾಜಧಾನಿ. ಟಮಿಯಾ, ಹಸೆಗಾವಾ, ಆಒಶಿಮಾ, ಫುಜಿಮಿ ಕಂಪನಿಗಳೆಲ್ಲ ಆ ಊರಲ್ಲಿ ಇಲ್ಲಾ ಅದರ ಅಕ್ಕಪಕ್ಕದಲ್ಲೇ. ಟಮಿಯಾ ಮೊದಲು ಮರದ ವ್ಯಾಪಾರದ ಮನೆ. 1951ರಲ್ಲಿ ಬೆಂಕಿಗೆ ಸಿಕ್ಕಿ ಮರದ ಮಳಿಗೆ ಸುಟ್ಟುಹೋಯಿತು. ಆಮೇಲೆ ಮರದ ಮಾಡೆಲ್ಲೇ ಕಸುಬಾಯಿತು, 1960ರಲ್ಲಿ ಪ್ಲಾಸ್ಟಿಕ್. ಆ ಕಂಪನಿಯ ಮುಖ್ಯಸ್ಥರಾಗಿದ್ದ ಶುನ್‌ಸಾಕು ಟಮಿಯಾ ಅವರು ಪೋರ್ಷೆ ಕಿಟ್ ಸರಿಯಾಗಿ ಬರಬೇಕು ಎಂದು ಒಂದು ನಿಜವಾದ ಪೋರ್ಷೆ 911 ಕೊಂಡು ಪೂರ್ತಿ ಬಿಚ್ಚಿ ಹಾಕಿದ್ದರು. 1976ರ ಆ ಪೋರ್ಷೆ 934ರ ಮೈಯಿಂದಲೇ ಅವರ ರೇಡಿಯೋ ಕಂಟ್ರೋಲ್ ಕಾರುಗಳೂ ಶುರುವಾದವು. ಟಮಿಯಾ ಕಿಟ್ಟಿನಲ್ಲಿ ಮೋಲ್ಡಿನ ಹೋಳು ಕೂಡುವ ಗೆರೆಯನ್ನು ನಾನು ಭೂತಗನ್ನಡಿ ಹಿಡಿದು ಹುಡುಕಬೇಕಾಗುತ್ತದೆ. ಭಾಗವನ್ನು ಮೋಲ್ಡಿನಿಂದ ಹೊರಗೆ ದೂಡುವ ಎಜೆಕ್ಟರ್ ಪಿನ್ನಿನ ಗುರುತನ್ನು ಕಣ್ಣಿಗೆ ಬೀಳುವ ಕಡೆ ಬಿಡುವುದೇ ಇಲ್ಲ. 2025ರ ಜುಲೈನಲ್ಲಿ, 90ನೇ ವಯಸ್ಸಿನಲ್ಲಿ, ಶುನ್‌ಸಾಕು ಅವರು ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ.

ನನಗೆ ಚಿಂತೆ ಬೇರೆ. ಆ ಸಂತೆಯಲ್ಲಿ ನಾನು ಕಂಡ ಮುಖಗಳೆಲ್ಲ ನನ್ನ ವಯಸ್ಸಿನವೇ. ಹುಡುಗರು ಅಂದರೆ ನನ್ನ ಮೊಮ್ಮಗ, ಇನ್ನೊಂದಿಬ್ಬರು. ಎಷ್ಟೋ ಡಬ್ಬಗಳ ಮೇಲೂ ಈಗ 14 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುತ್ತದೆ. 1958ರಲ್ಲಿ ಹತ್ತು ವರ್ಷದ ಹುಡುಗನ ಕಾಸಿಗೆ ಸಿಗುತ್ತಿದ್ದ ವಸ್ತು ಅದೇ ಹುಡುಗ ತಾತನಾದ ಮೇಲೂ ಅವನಿಗೇ ಮಾರಾಟವಾಗುತ್ತಿದೆ. ಅವನ ನಂತರ ಯಾರು? ಒಂದು ಮೇಜಿನಲ್ಲಿ ಮಾತ್ರ ಮೂವತ್ತರ ಒಳಗಿನ ಯುವಕನಿದ್ದ. ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಇಂಜಿನ್ನು, ಚಕ್ರ, ಕಾರ್ಬ್ಯುರೇಟರ್ ರೆಸಿನ್‌ನಲ್ಲಿ ಮಾಡಿ ಮಾರುತ್ತಿದ್ದ. ಒಂದು ಚಕ್ರ ತೆಗೆದುಕೊಂಡು ಉಗುರಲ್ಲಿ ಗೀಚಿ ನೋಡಿದೆ. ಪದರಗಳು ಉಗುರಿಗೆ ಸಿಗುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ಒಳ್ಳೇ ಕೆಲಸ. ಹತ್ತು ಪೀಸಿಗೆ, ನೂರು ಪೀಸಿಗೆ ಅದು ಸರಿ. ಆದರೆ ಒಂದೊಂದು ಸಲ ಪ್ರಿಂಟ್ ಮಾಡಲು ಗಂಟೆಗಟ್ಟಲೆ ಬೇಕು. ಮೋಲ್ಡಿನಲ್ಲಾದರೆ ಅರ್ಧ ನಿಮಿಷಕ್ಕೆ ಇಡೀ ಚೌಕಟ್ಟು ಬೀಳುತ್ತದೆ. ಬಡವರ ಮನೆ ಹುಡುಗನಿಗೂ ಕೈಗೆಟುಕುವ ಬೆಲೆ ಬರಬೇಕಾದರೆ ಮೋಲ್ಡೇ ಬೇಕು.

ಈಗ ನಮ್ಮ ಕಡೆಯ ಮಾತು. ನಮ್ಮಲ್ಲಿ ಕಿಟ್ ಬಹುತೇಕ ಹೊರಗಿನಿಂದಲೇ ಬರಬೇಕು. ಸುಂಕದ ಲೆಕ್ಕದಲ್ಲಿ ಸ್ಕೇಲ್ ಮಾಡೆಲ್ಲೂ ಆಟಿಕೆಯೇ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ಇಲ್ಲಿನ ಆಟಿಕೆ ಮಾಡುವವರು ಉಳಿಯಲಿ ಎಂದು ಮಾಡಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಮಾಡದೇ ಇರುವ ವಸ್ತುವಿಗೂ ಅದೇ ಸುಂಕ ಬಿದ್ದರೆ ಉಳಿಯುವುದು ಯಾರು? 2023ರಲ್ಲಿ ಮಗಳು ಎರಡು ಕಿಟ್ ಕಳಿಸಿದ್ದಳು. ಬೆಲೆಯ ಮುಕ್ಕಾಲು ಪಾಲಿನಷ್ಟು ಮತ್ತೆ ಕಟ್ಟಿ ಬಿಡಿಸಿಕೊಂಡೆ. ದಾರಿಯಲ್ಲಿ ಎಲ್ಲೋ ಡಬ್ಬ ಬಿಚ್ಚಿ ನೋಡಿ ಒತ್ತಿ ಮುಚ್ಚಿದ್ದರು. ಒಂದು ಕಾರಿನ ಮುಂದಿನ ಗಾಜು ಅಡ್ಡಕ್ಕೆ ಸೀಳಿತ್ತು. ಬೇರೆ ಭಾಗವಾದರೆ ಅಂಟಿಸಿ, ಉಜ್ಜಿ, ಬಣ್ಣ ಹಾಕಿ ಮುಚ್ಚಬಹುದು. ಗಾಜಿನ ಸೀಳು ಮುಚ್ಚಲು ಆಗುವುದಿಲ್ಲ. ಆ ಕಾರು ಇವತ್ತಿಗೂ ಗಾಜಿಲ್ಲದೆ ಶೋಕೇಸಿನಲ್ಲಿದೆ.

ಇಲ್ಲಿ ಮಾಡಲು ಬರುವುದಿಲ್ಲ ಎನ್ನುವವರಿಗೆ ಒಂದು ವಿಷಯ ಹೇಳಬೇಕು. ಇಂಗ್ಲೆಂಡಿನ ಏರ್‌ಫಿಕ್ಸ್ ಹೆಸರು ಕೇಳಿರುತ್ತೀರಿ. ವಿಮಾನದ ಕಿಟ್‌ಗಳಿಗೆ ಹೆಸರುವಾಸಿ. ಸುಮಾರು 2010ರಿಂದ ಹಲವು ವರ್ಷ ಅವರ ಎಷ್ಟೋ ಡಬ್ಬಗಳ ಮೇಲೆ ಮೇಡ್ ಇನ್ ಇಂಡಿಯಾ ಎಂದೇ ಇತ್ತು. ನನ್ನ ಹತ್ತಿರವೇ ನಾಲ್ಕಿವೆ. ಅಂದರೆ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನವನ್ನು ಇಲ್ಲಿ ಒತ್ತಲು ಬರುತ್ತದೆ. ನಮ್ಮ ಅಂಬಾಸಿಡರ್ ಒತ್ತಲು ಬರುವುದಿಲ್ಲವಾ? 2014ರಲ್ಲಿ ನಿಂತುಹೋದ ಆ ಕಾರಿನಲ್ಲಿ ಮದುವೆಯ ದಿಬ್ಬಣ ಹೋದವರು ನಮ್ಮಲ್ಲಿ ಎಷ್ಟು ಲಕ್ಷ ಜನ ಇದ್ದಾರೆ! ಇಪ್ಪತ್ತು ವರ್ಷದಿಂದ ಕಿಟ್ ಕೊಳ್ಳುತ್ತಿದ್ದೇನೆ, ಅಂಬಾಸಿಡರ್‌ನ ಪ್ಲಾಸ್ಟಿಕ್ ಕಿಟ್ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದರೂ ನನ್ನನ್ನು ಕೇಳಿದರೆ ಮೊದಲ ಕಿಟ್ ರೇವಾದ್ದು ಆಗಬೇಕು. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಎಲೆಕ್ಟ್ರಿಕ್ ಕಾರು. ಇವತ್ತು ರಸ್ತೆ ತುಂಬ ಹಸಿರು ನಂಬರ್ ಪ್ಲೇಟು ಓಡಾಡುತ್ತಿವೆ, ಆಗ ಎಲ್ಲಿದ್ದವು? ಲಂಡನ್ನಿನ ಬೀದಿಯಲ್ಲೂ ಜೀ-ವಿಜ್ ಎಂಬ ಹೆಸರಲ್ಲಿ ನಮ್ಮ ರೇವಾ ಓಡಿತು. ಇನ್ನೊಂದು ವಿಷಯ, ರೇವಾದ ಮೈ ತಗಡಿನದಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ ಹಲಗೆಗಳು, ಬಣ್ಣವೂ ಪ್ಲಾಸ್ಟಿಕ್ಕಿನಲ್ಲೇ ಬೆರೆತದ್ದು. ಪ್ಲಾಸ್ಟಿಕ್ ಕಿಟ್ ಮಾಡಲು ಇದಕ್ಕಿಂತ ಒಪ್ಪುವ ಕಾರು ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಭಾಗವೂ ಕಡಿಮೆ ಸಾಕು. ದೊಡ್ಡ ಇಂಜಿನ್ನಿಲ್ಲ, ರೇಡಿಯೇಟರಿಲ್ಲ, ಸೈಲೆನ್ಸರಿಲ್ಲ. ಸೀಟಿನ ಕೆಳಗೆ ಬ್ಯಾಟರಿ, ಹಿಂದೆ ಒಂದು ಮೋಟರ್. ಅಮೆರಿಕದ ಕಿಟ್ಟಿನ ಹಾಗೆ ನೂರು ಚಿಲ್ಲರೆ ಭಾಗಕ್ಕೆ ಮೋಲ್ಡ್ ಮಾಡಿಸಿದರೆ ಪೀಣ್ಯದಲ್ಲೂ ಕೋಟಿ ರೂಪಾಯಿ ಹತ್ತಿರ ಹೋಗುತ್ತದೆ ಎಂಬುದು ನನ್ನ ಅಂದಾಜು. ರೇವಾವನ್ನು ನಲವತ್ತು ಭಾಗದಲ್ಲಿ ಮುಗಿಸಬಹುದು. ಅಂಟೂ ಬೇಡ, ಒತ್ತಿದರೆ ಕೂರುವ ಹಾಗೆ ಮಾಡಬಹುದು. ಜಪಾನಿನ ಬಂದಾಯ್ ಕಂಪನಿಯವರು ಗುಂಡಮ್ ರೋಬೋಗಳನ್ನು ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಒತ್ತಿ, ಅಂಟಿಲ್ಲದೆ ಕೂಡುವ ಹಾಗೆ ಮಾಡಿದ್ದಕ್ಕೇ ಅಲ್ಲವಾ ಇವತ್ತಿಗೂ ಹುಡುಗರು ಅವನ್ನು ಕೊಳ್ಳುತ್ತಿರುವುದು?

ಯಾರು ಮಾಡಬೇಕು? ಜಿಟಿಟಿಸಿಯಲ್ಲಿ ವರ್ಷವೂ ಹುಡುಗರು ಮೋಲ್ಡ್ ಮಾಡಿ ಕಲಿಯುತ್ತಾರೆ. ಕಲಿಕೆಯ ಮೋಲ್ಡ್ ಹೆಚ್ಚಾಗಿ ಮುಚ್ಚಳವೋ ಡಬ್ಬಿಯೋ ಆಗಿರುತ್ತದೆ. ಅದರ ಬದಲು ಒಂದು ಗುಂಪಿಗೆ ರೇವಾದ ಬಾಗಿಲು, ಇನ್ನೊಂದಕ್ಕೆ ಚಕ್ರ, ಜಾಣ ಗುಂಪಿಗೆ ಸ್ಲೈಡ್ ಇರುವ ಮೈ ಕೊಡಲಿ. ಸ್ಲೈಡ್ ಮೋಲ್ಡ್ ಮಾಡಿ ಕಲಿತವನಿಗೆ ಎಲ್ಲೂ ಕೆಲಸ ತಪ್ಪುವುದಿಲ್ಲ. ಭಾನಾಪುರದ ಕ್ಲಸ್ಟರಿನಲ್ಲಿ ಒತ್ತುವ ಮೆಷಿನ್ನುಗಳಿಗೇನು ಬರವೇ? ಮುನ್ನೂರು ರೂಪಾಯಿಗೆ ಡಬ್ಬ ಕೊಡುವ ಹಾಗಾದರೆ ಸರ್ಕಾರಿ ಹೈಸ್ಕೂಲುಗಳ ಲ್ಯಾಬಿಗೂ ತರಿಸಬಹುದು. ನಾನು ಅಮೆರಿಕದಲ್ಲಿದ್ದ ಆ ಬೇಸಿಗೆಯಲ್ಲಿ ನನ್ನ ಮೊಮ್ಮಗ ಒಂದು ಕಿಟ್ ಕಟ್ಟಿದ. ಮೊದಲ ದಿನ ತಾಳ್ಮೆ ಇಲ್ಲದೆ ಆಕ್ಸಲ್ ಮುರಿದ, ಅತ್ತ. ಮುರಿದ ಜಾಗಕ್ಕೆ ಸೂಜಿಯಷ್ಟು ತೂತು ಕೊರೆದು ತಂತಿ ಕೂರಿಸುವುದನ್ನು ತೋರಿಸಿಕೊಟ್ಟೆ. ಮೂರನೇ ವಾರದಲ್ಲಿ ಡಿಫರೆನ್ಷಿಯಲ್ ಅಂದರೇನು, ತಿರುವಿನಲ್ಲಿ ಒಳಬದಿಯ ಚಕ್ರ ಯಾಕೆ ನಿಧಾನ ತಿರುಗುತ್ತದೆ ಎಂದು ಅಪ್ಪನಿಗೆ ಅವನೇ ವಿವರಿಸುತ್ತಿದ್ದ. ವಯಸ್ಸು ಒಂಬತ್ತು.

ನನ್ನ ಕಡೆಯಿಂದ ಆಗುವುದನ್ನು ನಾನು ಶುರು ಮಾಡಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ಶೆಡ್ಡಿನಲ್ಲಿ ಹಳೆ ರೇವಾ ನಿಂತಿದೆ. ಅವರ ಒಪ್ಪಿಗೆ ಕೇಳಿ ದಿನಾ ಬೆಳಿಗ್ಗೆ ಒಂದು ಗಂಟೆ ಅಳತೆ ತೆಗೆಯುತ್ತಿದ್ದೇನೆ. ಉದ್ದ 2638 ಮಿಲಿಮೀಟರ್. 25ರಿಂದ ಭಾಗಿಸಿದರೆ 105.5. ಪಾಲಿಸ್ಟೈರೀನ್ ಆರುವಾಗ ಸುಮಾರು ಅರ್ಧ ಪರ್ಸೆಂಟ್ ಕುಗ್ಗುತ್ತದೆ, ಆದ್ದರಿಂದ ಉಕ್ಕಿನಲ್ಲಿ 106 ಇಡಬೇಕು. ಮೈಯ ಡ್ರಾಯಿಂಗ್ ಮುಗಿದಿದೆ, ಬಾಗಿಲು ಮತ್ತು ಡ್ಯಾಶ್‌ಬೋರ್ಡ್ ಬಾಕಿ. ಯಾವ ಟೂಲ್ ರೂಮಿನವರಿಗೆ, ಯಾವ ಕಾಲೇಜಿನ ಹುಡುಗರಿಗೆ ಬೇಕಾದರೂ ಒಂದು ಪೈಸೆ ತೆಗೆದುಕೊಳ್ಳದೆ ಕೊಡುತ್ತೇನೆ, ಜೊತೆಯಲ್ಲಿ ನಿಂತು ಫಿಟ್ಟಿಂಗೂ ಮಾಡಿಕೊಡುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ. ಕೇಳಿದವರಿಗೆ ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ಓದುಗ,
ನಿವೃತ್ತ ಟೂಲ್ ಮೇಕರ್, ದಾಸರಹಳ್ಳಿ, ಬೆಂಗಳೂರು